ಅಮೃತಶಿಲೆಯ ಬೋಗುಣಿ

ಯೇಸುವಿನ ದೀಕ್ಷಾಸ್ನಾನದ ಹಬ್ಬ ಹತ್ತಿರವಾಗಿತ್ತು. ದಮ್ಯಾನಾ ಕೆಸುವಿನ ಗೆಡ್ಡೆಯ ಬುಟ್ಟಿಯನ್ನು ಚರ್ಚಿನ ಮೆಟ್ಟಿಲ ಮೇಲೆ ಕುಕ್ಕಿದಳು. ಹಬ್ಬದಂದು ಮನೆಮನೆಯಲ್ಲೂ ಬೇಯಬೇಕಾದ ಗೆಡ್ಡೆಗಳು ಕಪ್ಪಾಗಿ ಕೊಳೆತು ನಾರುತ್ತಿದ್ದವು. ಕಾಲುವೆ ಪಕ್ಕದ ಆ ತುಂಡು ಹೊಲ ಬಿಟ್ಟರೆ ಆ ವಿಧವೆಗೆ ಬೇರೆ ಗತಿಯಿರಲಿಲ್ಲ.

"ನೋಡಿ ಅಬೂನಾ, ನಿಮ್ಮ ಮೆಕದ್ದಿಸ್ ಮಾಡಿರೋ ಉಪಕಾರ!"

ಊರವರೆಲ್ಲ ಅಬೂನಾ, ಅಂದರೆ ‘ನಮ್ಮಪ್ಪ’, ಎಂದು ಕರೆಯುವ ಪಾದ್ರಿ ಸರಬಾಮೂನ್ ಮೂಗು ಮುಚ್ಚಿಕೊಂಡರು. "ಪ್ರಾರ್ಥನೆ ಮಾಡೋಣ ತಾಯಿ."

"ಮಾಡಿ. ಹಿಂದೆಲ್ಲ ಹಬ್ಬಕ್ಕೆ ಕಾಲುವೆ ನೀರನ್ನೇ ಆಶೀರ್ವದಿಸ್ತಿದ್ರಿ. ಈಗ ಬಾಟಲಿ ನೀರು ತರಿಸ್ತೀರಿ. ನಿಮಗೇ ಹೇಸಿಗೆಯಾಗೋ ನೀರು ನನ್ನ ಹೊಲಕ್ಕೆ ಸಾಕಾ?"

ಪಾದ್ರಿ ಬುಟ್ಟಿಯ ಕಡೆ ನೋಡದೆ ಚರ್ಚಿನೊಳಗೆ ಹೋದರು. ಮೆಕದ್ದಿಸ್‌ಗೆ ಎದುರಾಡುವ ಧೈರ್ಯ ಅವರಿಗಿರಲಿಲ್ಲ.

ಜೆರುಸಲೇಮಿನ ಯಾತ್ರೆ ಮುಗಿಸಿ ಮೆಕದ್ದಿಸ್ ಎಂಬ ಬಿರುದು ಪಡೆದಿದ್ದ ಅಬಾದೀರ್ ಊರಾಚೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ನಡೆಸುತ್ತಿದ್ದ. ಯೇಸು ದೀಕ್ಷಾಸ್ನಾನಕ್ಕೆ ಇಳಿದ ನದಿಯಲ್ಲಿ ಮಿಂದು ಬಂದ ಈ ಪುಣ್ಯಾತ್ಮ, ಊರಿಗೆ ಬಂದವನೇ ಕಾರ್ಖಾನೆಯ ಹೊಲಸನ್ನು ಕಾಲುವೆಗೆ ಬಿಟ್ಟ. ಪ್ರಾಯಶ್ಚಿತ್ತವೆಂಬಂತೆ ಚರ್ಚಿಗೆ, ಹಬ್ಬದ ನೀರು ತುಂಬಲೆಂದು, ಅಮೃತಶಿಲೆಯ ಬೋಗುಣಿಯೊಂದನ್ನು ದಾನ ಮಾಡಿದ್ದ. ಅದರ ಮೇಲೆ ದೇವರ ಹೆಸರಿಗಿಂತ ಅವನ ಹೆಸರೇ ದಪ್ಪವಾಗಿತ್ತು. ಕಾಲುವೆಯ ಮಾತೆತ್ತಿದವರಿಗೆಲ್ಲ ಅವನದು ಒಂದೇ ಉತ್ತರ: "ಬರೀ ಬಣ್ಣ ಕಣ್ರೋ, ಬಣ್ಣದಿಂದ ಯಾರಾದ್ರೂ ಸಾಯ್ತಾರಾ?" ಪಾದ್ರಿಯೂ ಅದಕ್ಕೆ ತಲೆಯಾಡಿಸುತ್ತ ಬಂದಿದ್ದರು. ದಾನಿಯ ಎದುರು ಅವರ ಬೆನ್ನುಮೂಳೆ ಮೊದಲಿನಿಂದಲೂ ಮೆತ್ತಗೆ.

ಆದರೆ ದಮ್ಯಾನಾಳ ಮಾತು ಅವರನ್ನು ಕೊರೆಯಿತು. ಹಬ್ಬದ ಸಂಜೆ ಬಾಟಲಿಗಳನ್ನು ಮುಟ್ಟದೆ, ಕೊಡ ಹಿಡಿದು ತಾವೇ ಕಾಲುವೆಗೆ ಇಳಿದರು.

ಬೋಗುಣಿಯಲ್ಲಿ ನೇರಳೆ ಬಣ್ಣದ ನೀರು ತುಂಬಿದಾಗ ಜನ ಮುಖಮುಖ ನೋಡಿಕೊಂಡರು. ಪ್ರಾರ್ಥನೆ ಮುಗಿಯಿತು. ಆಶೀರ್ವದಿಸಿದ ನೀರಲ್ಲಿ ಬಟ್ಟೆ ಅದ್ದಿ ಎಲ್ಲರ ಹಣೆಗೆ ಶಿಲುಬೆಯ ಗುರುತು ಹಾಕುವುದು ಪದ್ಧತಿ. ಮೊದಲ ಮರ್ಯಾದೆ ದಾನಿಗೆ. ಅಬಾದೀರ್ ಗತ್ತಿನಿಂದ ಮುಂದೆ ಬಂದವನು, ಬಟ್ಟೆ ಹತ್ತಿರವಾಗುತ್ತಲೇ ತಲೆ ಹಿಂದಕ್ಕೆಳೆದುಕೊಂಡ.

"ಏನಿದು ಅಬೂನಾ! ಇದು ಹಣೆಗಾ?"

"ಬರೀ ಬಣ್ಣ ತಾನೇ, ಮೆಕದ್ದಿಸ್?"

"ತಮಾಷೆ ಬೇಡ. ಚರ್ಮ ಸುಡುತ್ತೆ ಇದು!"

ಇಷ್ಟು ವರ್ಷ ಗೊತ್ತಿಲ್ಲದವನಂತೆ ನಟಿಸಿದವನ ಬಾಯಿಂದಲೇ ನಿಜ ಬಂತು. ಹೆಂಗಸರ ಸಾಲಿನಿಂದ ದಮ್ಯಾನಾಳ ದನಿ ಕೇಳಿತು: "ಹಾಗಾದ್ರೆ ನಮ್ಮದೇನು ಎಮ್ಮೆ ಚರ್ಮವಾ?"

ಯಾರೂ ನಗಲಿಲ್ಲ. ಪಾದ್ರಿ ಆ ಬಟ್ಟೆಯನ್ನು ತಮ್ಮ ಹಣೆಗೇ ಒತ್ತಿಕೊಂಡರು. "ಸುಮ್ಮನಿದ್ದ ತಪ್ಪು ನನ್ನದು. ನನಗಿರಲಿ. ಇನ್ಯಾರಿಗೂ ಹಚ್ಚೋದಿಲ್ಲ." ಅವರ ಹಣೆ ಕೆಂಪಗಾಗುವುದನ್ನು ಜನ ನೋಡಿದರು. ಆಮೇಲೆ ಎಲ್ಲರ ಕಣ್ಣೂ ಅಬಾದೀರನ ಕಡೆ ತಿರುಗಿತು. ಅಷ್ಟೂ ಕಣ್ಣುಗಳಲ್ಲಿ ಒಂದರಲ್ಲೂ ಹಳೆಯ ಮರ್ಯಾದೆ ಇರಲಿಲ್ಲ.

ಅವನು ಬಾಗಿಲ ಕಡೆ ನೋಡಿದ. ಹೋಗಲಾಗಲಿಲ್ಲ. ಕಡೆಗೆ ಜೇಬಿನಿಂದ ಫೋನ್ ತೆಗೆದು ಕಾರ್ಖಾನೆಯ ಮೇಸ್ತ್ರಿಗೆ ಕರೆ ಮಾಡಿದ. ಅದು ಪಶ್ಚಾತ್ತಾಪವೋ ಬರೀ ಅವಮಾನವೋ, ದಮ್ಯಾನಾಳ ಹೊಲಕ್ಕೆ ಎರಡೂ ಒಂದೇ.

"ಕಾಲುವೆ ಕೊಳವೆ ಮುಚ್ಚು," ಎಂದ. ಅತ್ತಲಿಂದ ಏನೋ ಪ್ರಶ್ನೆ ಬಂತು. ಅಬಾದೀರ್ ತಲೆ ತಗ್ಗಿಸಿದ.

"ಇಲ್ಲ ಕಣೋ, ಹಬ್ಬಕ್ಕೆ ಮಾತ್ರ ಅಲ್ಲ."