ಹಾರದ ಅಡಿಯ ಕೈ

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡೋ ಗಂಡಸು ಇಡೀ ನಲ್ಲೂರಿಗೆ ಒಬ್ಬನೇ, ಮಾಜಿ ಸೈನಿಕ ಮೈಲಾರಿ. ಅವನೂ ಗಾದ್ರಪ್ಪನೂ ಒಂದೇ ದಿನ ಮಿಲಿಟರಿ ಸೇರಿದವರು, ಕಾರ್ಗಿಲ್ ಗುಡ್ಡ ಒಟ್ಟಿಗೇ ಹತ್ತಿದವರು. ಗಾದ್ರಪ್ಪ ಅಲ್ಲೇ ಉಳಿದ. ಮೈಲಾರಿ ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕಿದ.

ಪ್ರತಿ ಜುಲೈನಲ್ಲಿ ಸ್ಕೂಲಿನ ಅಂಗಳದಲ್ಲಿ ಹುತಾತ್ಮರ ಸ್ಮರಣೆ. ಗಾದ್ರಪ್ಪನ ಫೋಟೋಕ್ಕೆ ಮಾರುದ್ದದ ಹಾರ, ಹೊಗಳಿ ಹೊಗಳಿ ಭಾಷಣ, ಅವನ ಹೆಂಡತಿ ಬಂಗಾರಮ್ಮನಿಗೆ ಶಾಲು. ಮೈಲಾರಿಗೇನು? "ಸ್ವಲ್ಪ ಆ ಬೆಂಚು ಸರಿಸ್ರಿ" ಅನ್ನೋ ಮರ್ಯಾದೆ. ಅದಕ್ಕಿಂತ ಮೈ ಉರಿಸೋದು ಆ ಫೋಟೋ. ಅದು ಇಬ್ಬರೂ ನಿಂತು ತೆಗೆಸಿದ್ದು. ಸ್ಟುಡಿಯೋದ ಮಹಾರಾಯ ಮೈಲಾರಿಯನ್ನ ಕತ್ತರಿಸಿ ಎಸೆದು, ಗೆಳೆಯನ ಹೆಗಲ ಮೇಲಿದ್ದ ಅವನ ಕೈ ಮಾತ್ರ ಉಳಿಸಿದ್ದ. ಹಾರ ಬಿದ್ದರೆ ಅದೂ ಕಾಣ್ತಿರಲಿಲ್ಲ.

"ಗುಂಡು ಇಬ್ಬರ ಮೇಲೂ ಬಂತು ಕಣೇ. ಬದುಕಿ ಬಂದಿದ್ದೇ ನನ್ನ ತಪ್ಪಾ?" ಅಂತ ಹೆಂಡತಿ ಪ್ರೇಮಮ್ಮನ ಮುಂದೆ ಹಾರಾಡುತ್ತಿದ್ದ.

"ಬಿಡ್ತು ಅನ್ರಿ," ಅಂತ ಅವಳು ಒಳಗೆ ಹೋಗುತ್ತಿದ್ದಳು.

ಈ ಸಲ ಆಸಾಮಿ ಸುಮ್ಮನಿರಲಿಲ್ಲ. ಟ್ರಂಕಿನಲ್ಲಿದ್ದ ಇಡೀ ಫೋಟೋನ ಚನ್ನಗಿರಿಗೆ ಒಯ್ದು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ. ಯಾರಿಗೂ ಹೇಳಲಿಲ್ಲ. ಸ್ಮರಣೆಯ ದಿನ ಎಲ್ಲರಿಗಿಂತ ಮೊದಲೇ ಸ್ಕೂಲಿಗೆ ಹೋಗಿ ಹಳೇದನ್ನ ಇಳಿಸಿ ಇದನ್ನ ಮೇಜಿನ ಮೇಲೆ ನಿಲ್ಲಿಸಿದ. ಈಗ ಕಣ್ಣು ಬಿಟ್ಟು ನೋಡ್ರಪ್ಪಾ, ಅಂದುಕೊಂಡ.

ಬಂಗಾರಮ್ಮ ಹಾರ ಎತ್ತಿದಳು. ಹಿಂದಿನ ಸಾಲಿನಿಂದ ಪ್ರೇಮಮ್ಮ ಎದ್ದೆನೋ ಬಿದ್ದೆನೋ ಅಂತ ಓಡಿಬಂದು ಅವಳ ಕೈ ಹಿಡಿದಳು.

"ಬ್ಯಾಡ ತಾಯಿ. ನಮ್ಮನೇರು ಇನ್ನೂ ಬದುಕಿದಾರೆ."

ಬದುಕಿರೋನ ಫೋಟೋಕ್ಕೆ ಹಾರ ಹಾಕಬಾರದು ಅನ್ನೋದು, ಹೊಟ್ಟೆಕಿಚ್ಚಿನ ಭರದಲ್ಲಿ ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

"ಹಳೇದೇ ತರ್ತೀನಿ," ಅಂದ ಮೈಲಾರಿ. ತಲೆ ಎತ್ತಾಕೆ ಆಗಲಿಲ್ಲ.

"ಇರ್ಲಿ ಬಿಡ್ರಿ ಅಣ್ಣ." ಬಂಗಾರಮ್ಮ ಹಾರವನ್ನ ತಟ್ಟೆಗೆ ಇಳಿಸಿದಳು. ಕಣ್ಣು ಫೋಟೋದ ಮೇಲೇ ಇತ್ತು. "ಮನೇಲೂ ಹಾರ, ಇಲ್ಲೂ ಹಾರ. ಗಂಡನ ಫೋಟೋನ ಹಾರ ಇಲ್ದೆ ನೋಡ್ತಾಳಲ್ಲ ನಿಮ್ಮ ಹೆಂಡ್ತಿ, ಅವಳನ್ನ ಕಂಡ್ರೆ ನಂಗೂ ಹೊಟ್ಟೆ ಉರೀತೈತೆ. ಇವತ್ತೊಂದಿನ ಇವರೂ ಬದುಕಿರ್ಲಿ."

ಭಾಷಣ ಶುರುವಾಯ್ತು. ಆಕೆ ಫೋಟೋದ ಎದುರಿನಿಂದ ಕದಲಲೇ ಇಲ್ಲ. ಮೈಲಾರಿ ಯಾರೂ ಹೇಳದೇನೇ ಬೆಂಚು ಎತ್ತಿ ತಂದು, ಆಕೆಗೆ ಕೂರಾಕೆ ಅಲ್ಲೇ ಹಾಕಿಕೊಟ್ಟ.