ಯಾರೂ ಇಲ್ಲದ ಫೋಟೊ

"ಲೇ ಬ್ಯಾಸಿಲ್, ಕಾರು ಓಡ್ಸೋ ಲೈಸೆನ್ಸೇ ಪೊಲೀಸ್ನೋರು ಕಿತ್ಕೊಂಡವ್ರೆ ನಿಂದು. ಆಕಾಶದಲ್ಲಿ ಓಡ್ಸೋ ಲೈಸೆನ್ಸು ಯಾವ ಬೋಳಿಮಗ ಕೊಟ್ನೋ ನಿಂಗೆ?"

ಸಾವಿರಾರು ದನಗಳ ಆ ಜಮೀನಿನ ಬಿಳಿಯ ಧಣಿ ಹ್ಯಾನ್ಲನ್ ಇದನ್ನು ಕೇಳಿದ್ದು ಉತ್ತರಕ್ಕಾಗಿ ಅಲ್ಲ. ಜಗಲಿಯ ಮೇಲೆ ಬಿಯರ್ ಕುಡಿಯುತ್ತ ಕೂತಿದ್ದ ನೆಂಟರನ್ನು ನಗಿಸುವುದಕ್ಕೆ. ಅವರು ನಕ್ಕರು. ಬ್ಯಾಸಿಲ್ ಮೆಟ್ಟಿಲ ಕೆಳಗೆ ಕೆಂಪು ಮಣ್ಣಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಅಜ್ಜ ಕೂಲಿಯ ಬದಲು ಸಿಗುವ ಹಿಟ್ಟು, ಸಕ್ಕರೆ, ಚಹಾಪುಡಿಗಾಗಿ ನಿಲ್ಲುತ್ತಿದ್ದದ್ದೂ ಅಲ್ಲೇ. ಕುದುರೆಯಿಂದ ಬಿದ್ದು ಸೊಂಟ ಮುರಿದ ಅಪ್ಪ ಎರಡು ದಿನ ರಜೆ ಕೇಳಿ ನಿಂತದ್ದೂ ಅಲ್ಲೇ. ಮೆಟ್ಟಿಲು ಹತ್ತಬಾರದೆಂದು ಯಾರೂ ಬರೆದು ಹಾಕಿರಲಿಲ್ಲ. ಯಾರೂ ಹತ್ತಿರಲಿಲ್ಲ, ಅಷ್ಟೇ.

ಇವತ್ತು ಬದಲಾಗಿದ್ದದ್ದು ಮೈಮೇಲಿನ ಹಳದಿ ಅಂಗಿ ಮಾತ್ರ. ಬೆನ್ನ ಮೇಲೆ 'ಗಿಡುಗ ಡ್ರೋನ್ ಸೇವೆ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪಟ್ಟಣದ ಅಂಗಡಿಯವನ ಬಳಿ ಒಂದೇ ಅಳತೆಯಿತ್ತಾದ್ದರಿಂದ ಅದು ಮೊಣಕಾಲಿನ ತನಕ ಇಳಿಬಿದ್ದು, ದೂರದಿಂದ ನೋಡಿದವರಿಗೆ ಅವನು ಯಾರದೋ ರಾತ್ರಿಯುಡುಪು ಕದ್ದು ತಂದವನಂತೆ ಕಾಣುತ್ತಿದ್ದ.

"ವಿಮಾನ ಇಲಾಖೆಯೋರು ಕೊಟ್ರು ಧಣಿ. ಪರೀಕ್ಷೆ ಬರ್ದೆ."

"ಎಷ್ಟು ಸಲ ಬರ್ದೆ?"

ಬ್ಯಾಸಿಲ್ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. "ಮೂರು."

ನೆಂಟರಲ್ಲಿ ಒಬ್ಬನಿಗೆ ಬಿಯರು ಮೂಗಿಗೇರಿತು. ಧಣಿಯ ಗ್ಲಾಸು ಬ್ಯಾಸಿಲ್ ತೋರಿಸಲು ತಂದಿದ್ದ ಪ್ರಮಾಣಪತ್ರದ ಮೇಲೆ ಕೂತಿತ್ತು. ಸರ್ಕಾರದ ಮುದ್ರೆಯ ಸುತ್ತ ಇನ್ನೊಂದು ಮುದ್ರೆ, ನೀರಿನದು, ಬಿದ್ದಿತ್ತು. ಬ್ಯಾಸಿಲ್ ಅದನ್ನೇ ನೋಡುತ್ತಿದ್ದ. ಗ್ಲಾಸು ಎತ್ತಿ ಎಂದು ಹೇಳುವುದಕ್ಕೆ ಒಂದು ಮಾತು ಬೇಕಿತ್ತು. ಅದು ಬರಲಿಲ್ಲ.

ಧಣಿಗೂ ಬೇರೆ ದಾರಿಯಿರಲಿಲ್ಲ. ಅವನ ಮಗ ಲೈಸೆನ್ಸಿಲ್ಲದೆ ಡ್ರೋನು ಹಾರಿಸಿ, ಅದು ಕುದುರೆ ಪಂದ್ಯದಲ್ಲಿ ಮಂತ್ರಿಯ ಹೆಂಡತಿಯ ಟೋಪಿಗೆ ಸಿಕ್ಕಿಕೊಂಡು, ದಂಡ ಕಟ್ಟಿಯಾಗಿತ್ತು. ಜಮೀನು ಕಚೇರಿಯವರು ಲೈಸೆನ್ಸಿದ್ದವನು ತೆಗೆದ ಫೋಟೊ ಮಾತ್ರ ತರಬೇಕೆಂದಿದ್ದರು.

"ನೋಡ್ಲಾ, ಕೆಳಗಿನ ಮಡು ಗೊತ್ತಲ್ಲ? ಅದರ ಫೋಟೊ ಬೇಕು. ನೀರು, ಸುತ್ತ ದಡ, ಪೂರ್ತಿ. ಒಂದು ನರಪಿಳ್ಳೆ ಕಾಣ್ಬಾರ್ದು. ಅಲ್ಲಿಗೆ ಯಾರೂ ಬರಲ್ಲ ಹೋಗಲ್ಲ ಅಂತ ತೋರ್ಸಿದ್ರೆ ಬೇಲಿ ಹಾಕ್ಕೊಳ್ಳೋಕೆ ಬಿಡ್ತಾರೆ. ಇದ ನೆಟ್ಟಗೆ ಮಾಡ್ದೆ ಅಂದ್ರೆ ವರ್ಷಪೂರ್ತಿ ದನ ಎಣ್ಸೋ ಕೆಲ್ಸ ನಿನ್ನ ಹಕ್ಕೀಗೇ. ಇಲ್ಲಾಂದ್ರೆ ಆ ಹಕ್ಕೀನ ಹುರ್ಕೊಂಡು ತಿಂದು, ಸೋಮ್ವಾರ ಗುದ್ಲಿ ಹಿಡ್ಕೊಂಡು ಬಾ. ಕಂಬದ ಗುಂಡಿ ತೋಡೋಕೆ."

ಜಮೀನಿನ ಅಂಚಿನ ತಗಡಿನ ಕ್ಯಾಂಪಿನಲ್ಲಿದ್ದ ಮೂಲನಿವಾಸಿ ಹೆಂಗಸರು, ಬ್ಯಾಸಿಲನ ಕಡೆಯವರು, ಮಡುವಿಗೆ ಹೋಗುತ್ತಿದ್ದರು. ಆಮೆ ಹಿಡಿಯಲು, ಮೀನು ಹಿಡಿಯಲು, ಗಂಡಂದಿರಿಂದ ತಪ್ಪಿಸಿಕೊಳ್ಳಲು. ಧಣಿಗೂ ಇದು ಗೊತ್ತಿತ್ತು. ತನಗೆ ಗೊತ್ತಿದೆಯೆಂದು ಬ್ಯಾಸಿಲನಿಗೆ ಗೊತ್ತು ಎನ್ನುವುದೂ ಗೊತ್ತಿತ್ತು.

"ಆಯ್ತು ಧಣಿ," ಎಂದ ಬ್ಯಾಸಿಲ್.

ಸಂಜೆ ಕ್ಯಾಂಪಿನಲ್ಲಿ ಅವನು ತಗಡಿನ ಗೋಡೆಗೆ ಒರಗಿ ಬ್ಯಾಟರಿಗಳನ್ನು ಒರೆಸುತ್ತ ಕೂತಿದ್ದ. ಮಡುವಿನಲ್ಲಿರುವುದು ಬರೀ ನೀರು ತಾನೆ, ನೀರಿನ ಫೋಟೊ ತಾನೆ ಎಂದು ತನಗೆ ತಾನೇ ಹೇಳಿಕೊಂಡ. ನಾಲ್ಕು ಸಲ ಹೇಳಿಕೊಂಡು, ಒರೆಸಿದ ಬ್ಯಾಟರಿಯನ್ನೇ ಮತ್ತೆ ಒರೆಸಿದ. ಹೆಂಡತಿ ನೊರೀನ್ ಕೆಂಡದಿಂದ ರೊಟ್ಟಿ ತೆಗೆದು ಬೂದಿ ಬಡಿಯುತ್ತಿದ್ದಳು. ಗೋಡೆಯ ಆ ಕಡೆ ನೊರೀನಳ ತಾಯಿ ಬಂದು ಕೂತ ಸದ್ದಾಯಿತು.

ಬ್ಯಾಸಿಲ್ ಕೂಡಲೇ ಮುಖ ತಿರುಗಿಸಿದ. ಹೆಂಡತಿಯ ತಾಯಿಯನ್ನು ಅಳಿಯ ನೋಡಬಾರದು, ಮಾತಾಡಿಸಬಾರದು, ಹೆಸರೆತ್ತಬಾರದು. ಅವಳೂ ಹಾಗೇ. ಹಗೆಯಿಂದಲ್ಲ, ಅದಕ್ಕಿಂತ ದೊಡ್ಡ ಮರ್ಯಾದೆ ಕ್ಯಾಂಪಿನಲ್ಲಿ ಇನ್ನೊಂದಿರಲಿಲ್ಲ. ಮದುವೆಯಾದ ಹದಿನೇಳು ವರ್ಷಗಳಿಂದ ಆಕೆಯ ಮುಖ ಹೇಗಾಗಿದೆಯೆಂದು ಅವನಿಗೆ ತಿಳಿಯದು. ಹೇಳಲೇಬೇಕಾದ್ದು ಏನಾದರೂ ಇದ್ದರೆ ಇಬ್ಬರೂ ನಾಯಿಗೆ ಹೇಳುತ್ತಿದ್ದರು. ನಾಯಿಯ ಹೆಸರು ಸಾರ್ಜೆಂಟ್. ಅದು ಬಾಗಿಲ ನಡುವೆ ಮಲಗಿತ್ತು.

"ಸಾರ್ಜೆಂಟೂ," ಎಂದಿತು ತಗಡಿನ ಆಚೆಯ ದನಿ. "ನಾಳೆ ಯಾರೋ ಎಲ್ಲೋ ಹಾರ್ಸೋಕೆ ಹೋಗ್ತಾರಂತೆ, ಹೌದೇನ್ಲಾ?"

ಸಾರ್ಜೆಂಟ್ ತೊಡೆ ಕೆರೆದುಕೊಂಡಿತು.

"ಹೌದು ಅಂತ ಹೇಳು ಸಾರ್ಜೆಂಟ್," ಎಂದ ಬ್ಯಾಸಿಲ್.

"ಎಲ್ಲಿಗಂತೆ?"

ಬ್ಯಾಟರಿ ಒರೆಸುವ ಬಟ್ಟೆ ನಿಂತಿತು. ನೊರೀನ್ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮಡುಗೆ ಅಂತ ಹೇಳು."

"ಮಡೂಲಿ ಏನೈತಂತೆ?"

"ಏನೂ ಇಲ್ಲ ಅಂತ ತೋರ್ಸೋಕಂತೆ, ಸಾರ್ಜೆಂಟ್. ಯಾರೂ ಇಲ್ಲ ಅಂತ."

ನಾಯಿ ಇಬ್ಬರ ಕಡೆಗೂ ನೋಡಿತು. ಇಷ್ಟು ಭಾರದ ಮಾತು ಅದರ ಮೇಲೆ ಹಿಂದೆಂದೂ ಬಿದ್ದಿರಲಿಲ್ಲ. ತಗಡಿನ ಆಚೆ ಚಹಾ ಸುರಿದ ಸದ್ದು ಕೇಳಿತು.

"ಆ ಹಾರೋ ಮುಂಡೇದು ಮನುಷ್ರಿಂದ ಎಷ್ಟು ದೂರ ಇರ್ಬೇಕಂತೆ ಕೇಳು ಸಾರ್ಜೆಂಟೂ. ಯಾರೋ ಓದ್ವಾಗ ದಿನಾ ಬಾಯ್ಪಾಠ ಮಾಡ್ತಿದ್ರಲ್ಲ."

"ಮೂವತ್ತು ಮೀಟರು. ಕಾನೂನು. ತಲೆ ಮೇಲಂತೂ ಹೋಗಂಗೇ ಇಲ್ಲ."

"ಹಂಗಂದ್ರೆ ಎಷ್ಟು?"

"ಇಲ್ಲಿಂದ ನೀರಿನ ಟ್ಯಾಂಕಿನ ತಂಕ."

"ಅಳಿಯ ಅನ್ನೋನು ನಿಲ್ಬೇಕಾದಷ್ಟು ದೂರ," ಎಂದಳು ಆಕೆ. "ಬಿಳಿಯೋರ್ಗೂ ಒಂದೊಂದ್ಸಲ ಬುದ್ಧಿ ಇರ್ತದೆ ಕಣೋ ಸಾರ್ಜೆಂಟೂ."

ನೊರೀನ್ ಕಿಸಕ್ಕನೆ ನಕ್ಕು ರೊಟ್ಟಿಯನ್ನು ಬೂದಿಗೆ ಬೀಳಿಸಿದಳು.

ಬೆಳಿಗ್ಗೆ ನೊರೀನಳೇ ಗಾಡಿ ಓಡಿಸಿದಳು. ಆಕಾಶದ ಲೈಸೆನ್ಸಿದ್ದವನು ಪಕ್ಕದಲ್ಲಿ ಡ್ರೋನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆರಿಗೆಗೆ ಹೋಗುವವಳಂತೆ ಕೂತಿದ್ದ. ಮಡುವಿಗೂ ಅವರು ಗಾಡಿ ನಿಲ್ಲಿಸಿದ ದಿಬ್ಬಕ್ಕೂ ನಡುವೆ ಒಂದು ಸಾಲು ಪೊದೆ. ಧಣಿ ಆಗಲೇ ಬಂದು, ಮಡಚುವ ಕುರ್ಚಿ ಹಾಕಿಕೊಂಡು, ಟೊಮೇಟೊ ಸಾಸು ಸುರಿದ ಮಾಂಸದ ಕಡುಬು ತಿನ್ನುತ್ತಿದ್ದ.

ಬ್ಯಾಸಿಲ್ ಕಿತ್ತಳೆ ಬಣ್ಣದ ಗುರುತುಗಳನ್ನು ನೆಲದಲ್ಲಿಟ್ಟ. ಕಾನೂನಿನಂತೆ ಗಟ್ಟಿಯಾಗಿ ಹೇಳುತ್ತ ಹೋದ. "ಗಾಳಿ ಸರಿ. ಬ್ಯಾಟರಿ ಸರಿ. ರೆಕ್ಕೆ ಸರಿ. ನೊರೀನ್ ಸರಿ."

"ನಾನ್ಯಾವಾಗ್ಲೂ ಸರಿ," ಎಂದಳು ನೊರೀನ್. ಸುತ್ತಮುತ್ತ ಕಣ್ಣಿಡುವ ಕೆಲಸ ಅವಳದು.

"ಹಾರ್ಸೋ ನನ್ಮಗ್ನೆ. ಪಾದ್ರಿ ಹೆಣದ ಮುಂದೆ ಓದ್ದಂಗೆ ಓದ್ತಾವ್ನೆ," ಎಂದ ಧಣಿ.

ಡ್ರೋನು ಎದ್ದಿತು. ಹಾರಿಸುವವನ ಕಣ್ಣು ಆಕಾಶದಲ್ಲಿರಬೇಕು, ಪರದೆಯಲ್ಲಲ್ಲ. ಅವನು ತಲೆಯೆತ್ತಿ ನೋಡುತ್ತಿದ್ದ. ಕೊರಳಿಗೆ ಪಟ್ಟಿಯಲ್ಲಿ ತೂಗಿದ್ದ ರಿಮೋಟಿನ ಪರದೆಯನ್ನು ಧಣಿ ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. ಕಡುಬಿನ ಚೂರು ಹಳದಿ ಅಂಗಿಯ ಮೇಲೆ ಉದುರಿತು.

"ಅದ್ಯಾವಳ್ಲಾ ಅದು?"

ನೊರೀನ್ ಪರದೆಗೆ ಇಣುಕಿದವಳು ಗಂಡನ ಗದ್ದ ಹಿಡಿದು ಮೇಲಕ್ಕೆತ್ತಿದಳು. "ನೀನು ಕೆಳಗೆ ನೋಡ್ಬೇಡ. ಅಮ್ಮ ಕೂತವ್ಳೆ."

ಆಕೆಯೊಬ್ಬಳೇ ಅಲ್ಲ. ಕ್ಯಾಂಪಿನ ಮುದುಕಿಯರೆಲ್ಲ ಮಡುವಿನ ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಬ್ಬೊಬ್ಬಳೂ ಇನ್ನೊಬ್ಬಳಿಂದ ಅಷ್ಟಷ್ಟು ದೂರ, ಎಲ್ಲರೂ ಎಲ್ಲರ ಮೇಲೂ ಮುನಿಸಿಕೊಂಡವರಂತೆ. ಒಬ್ಬಳು ಗಾಳ ಬಿಟ್ಟಿದ್ದಳು, ಒಬ್ಬಳು ಕೊಡೆ ಬಿಚ್ಚಿದ್ದಳು, ಒಬ್ಬಳು ನಿದ್ದೆ ಹೋಗಿದ್ದಳು. ಹತ್ತಿರದ ದಡದಲ್ಲಿ ನೊರೀನಳ ತಾಯಿಯ ಕೆಂಪು ಕುರ್ಚಿ. ಯಾವ ಕಡೆಯಿಂದ ಹೋದರೂ ಯಾವಳೋ ಒಬ್ಬಳ ಮೂವತ್ತು ಮೀಟರಿಗೆ ತಾಗದೆ ನೀರಿನ ಮೇಲೆ ಹೋಗುವಂತಿರಲಿಲ್ಲ. ದೂರದಿಂದ ತೆಗೆದರೆ ಫೋಟೊ ತುಂಬ ಕುರ್ಚಿ.

ಧಣಿ ಪೊದೆಯ ಅಂಚಿಗೆ ಹೋಗಿ ಕಿರುಚಿದ. "ಏಯ್ ಗೊಡ್ಡು ಮುಂಡೇರಾ, ಎದ್ದೋಗ್ರೇ ಅಲ್ಲಿಂದ!"

"ಧಣಿ ಫೋಟೊ ಹಿಡಿಸ್ತಾವ್ನೆ ಕಣ್ರೇ," ಎಂದು ಕೊಡೆಯವಳು ಆ ದಡದಿಂದ ಕೂಗಿದಳು. "ಹಲ್ಲು ಕಿರೀರಿ!"

"ಹಲ್ಲಿರೋರು ಕಿರೀರಿ," ಎಂದಳು ಗಾಳದವಳು. "ನಾನು ಕೈ ಬೀಸ್ತೀನಿ."

ಎಲ್ಲರೂ ಆಕಾಶಕ್ಕೆ ಕೈ ಬೀಸಿದರು. ನಿದ್ದೆ ಹೋದವಳೂ ಎದ್ದು, ಏನೆಂದು ಕೇಳದೆ, ಬೀಸಿದಳು.

ಧಣಿ ಕೆಂಪಗಾಗಿ ಹಿಂತಿರುಗಿದ. "ಇಳ್ಸು ಅದನ್ನ. ಅವರ ನೆತ್ತಿ ಮೇಲಕ್ಕೆ ಬಿಡು. ಹೆಲಿಕಾಪ್ಟರಲ್ಲಿ ದನ ಅಟ್ಟಿದಂಗೆ ಅಟ್ಟು."

ಬ್ಯಾಸಿಲ್ ಆಕಾಶ ನೋಡುತ್ತಲೇ ಇದ್ದ. ದನ ಅಟ್ಟುವುದು ಅವನಿಗೆ ಗೊತ್ತಿತ್ತು. ಮೇಲಿಂದ ಸದ್ದು ಬಿದ್ದಾಗ ದನದ ಕಣ್ಣು ಬೆಳ್ಳಗಾಗುವುದನ್ನು ಹುಡುಗನಾಗಿದ್ದಾಗಿನಿಂದ ನೋಡಿದ್ದ. ಅವನ ಅಪ್ಪನನ್ನು ಕುದುರೆ ಬೆದರಿ ಎಸೆದದ್ದೂ ಅದೇ ಸದ್ದಿಗೆ.

"ಆಗಲ್ಲ ಧಣಿ. ಮೂವತ್ತು ಮೀಟರು."

"ನಿನ್ನ ಮೂವತ್ತು ಮೀಟರಿಗಿಷ್ಟು ಬೆಂಕಿ ಹಾಕ."

"ಲೈಸೆನ್ಸು ಹೋಗ್ತದೆ."

"ಕೆಲ್ಸಾನೇ ಇಲ್ದೆ ಲೈಸೆನ್ಸು ಇಟ್ಕೊಂಡು ನೆಕ್ತೀಯೇನ್ಲಾ? ಯಾರ ನೀರು ಕುಡ್ದು ಬೆಳೆದ್ಯೋ ನೀನು?"

"ಈ ಮಡೂದು."

ಆ ಮಾತು ಹೇಗೆ ಹೊರಬಿತ್ತೋ ಬ್ಯಾಸಿಲನಿಗೇ ತಿಳಿಯಲಿಲ್ಲ. ನಿನ್ನೆ ಗ್ಲಾಸಿನ ಕೆಳಗೆ ಸಿಕ್ಕಿಕೊಂಡದ್ದು ಇವತ್ತು ತಪ್ಪಿಸಿಕೊಂಡಿರಬೇಕು.

ಧಣಿ ರಿಮೋಟಿಗೆ ಕೈ ಹಾಕಿ ಎಳೆದ. ಪಟ್ಟಿ ಕೊರಳಲ್ಲಿದ್ದುದರಿಂದ ಬ್ಯಾಸಿಲನೂ ಜೊತೆಗೆ ಹೋದ. ಹೋರಿಯೂ ಅದರ ಮೂಗುದಾರ ಹಿಡಿದವನೂ ಎಂಬಂತೆ ಇಬ್ಬರೂ ಕಿತ್ತಳೆ ಗುರುತುಗಳ ನಡುವೆ ಎರಡು ಸುತ್ತು ಸುತ್ತಿದರು. ಕೊನೆಗೆ ಕೊಂಡಿ ಬಿಚ್ಚಿಕೊಂಡು ರಿಮೋಟು ಧಣಿಯ ಕೈಗೆ, ಬ್ಯಾಸಿಲ್ ನೆಲಕ್ಕೆ. ಮೇಲೆ ಡ್ರೋನು ಕುಡಿದವನಂತೆ ತೂರಾಡಿ, ಒಮ್ಮೆ ತನ್ನ ಸುತ್ತ ತಾನೇ ಗಿರಕಿ ಹೊಡೆದು, ಮಡುವಿನ ಕಡೆ ವಾಲಿತು.

"ಕರಿ ಮುಂಡೇವೇ, ಈಗ ಓಡ್ರಿ!" ಎಂದ ಧಣಿ. ಸಾಸಿನ ಬೆರಳಿಗೆ ರಿಮೋಟಿನ ಕಡ್ಡಿಗಳು ಜಾರುತ್ತಿದ್ದವು.

ಬ್ಯಾಸಿಲ್ ಎದ್ದ. ಮುದುಕಿಯರಿಗೆ ಅಡ್ಡ ನಿಲ್ಲಲು ಮಡುವಿಗೆ ಓಡಬೇಕು; ಓಡಿದರೆ ಎದುರಿಗೆ ನೊರೀನಳ ತಾಯಿ. ಕಣ್ಣು ಮುಚ್ಚಿಕೊಂಡರೆ ಪೊದೆಗೆ ಬೀಳುತ್ತಾನೆ. ಒಂದು ಗಳಿಗೆ ಹಾಗೇ ನಿಂತು, ತಿರುಗಿ, ಧಣಿಗೆ ಮುಖ ಮಾಡಿ, ಹಿಂದುಹಿಂದಕ್ಕೆ ನಡೆಯತೊಡಗಿದ. ಹಳದಿ ಅಂಗಿ ಮುಳ್ಳಿಗೆ ಸಿಕ್ಕಿ ಪರ್ರೆಂದಿತು.

ನೊರೀನ್‌ಗೆ ಅರ್ಥವಾಯಿತು. ಅವಳು ಪಕ್ಕದಲ್ಲಿ ಓಡುತ್ತ ಲಾರಿಯ ಕ್ಲೀನರಿನಂತೆ ಕೈ ಬೀಸಿದಳು.

"ಬರ್ಲಿ, ಬರ್ಲಿ, ಬರ್ಲಿ. ಎಡಕ್ಕೆ. ಕಲ್ಲೈತೆ, ಕಾಲೆತ್ತು. ಬರ್ಲಿ... ಅಮ್ಮಾ, ನಿನ್ನ ಕಡೇಗೇ ಬರ್ತಾವ್ನೆ, ಸರ್ಕೋ!"

ಹಿಂದೆ ಗಲಿಬಿಲಿ. ಕಂಬಳಿ ಕೊಡವಿ ತಲೆಯ ಮೇಲೆ ಎಳೆದುಕೊಂಡ ಸದ್ದು. ಕೂತ ಕುರ್ಚಿಯನ್ನೇ ಸೊಂಟಕ್ಕೆ ಹಿಡಿದುಕೊಂಡು ಮುದುಕಿಯೊಬ್ಬಳು ಏಡಿಯಂತೆ ಪಕ್ಕಕ್ಕೆ ಓಡುವ ಸದ್ದು. ಗಾಳದವಳು ಬಿದ್ದು ಬಿದ್ದು ನಗುತ್ತಿದ್ದಳು. "ಅಯ್ಯೋ, ಅಳಿಯ ಕಾಪಾಡೋಕೆ ಬಂದು ಅತ್ತೇನ ನೀರಿಗೆ ನೂಕ್ತಾವ್ನಲ್ರೇ!"

"ಹೋಲ್ಡಾನ್!" ಎಂದಳು ನೊರೀನ್. "ಅಮ್ಮನ ಕುರ್ಚಿಯ ಹಿಂದಿನ ಕಾಲು ನೀರಿಗಿಳೀತು."

ಬ್ಯಾಸಿಲ್ ಅಲ್ಲೇ ದಡದ ಕೆಸರಲ್ಲಿ ಮುದುಕಿಯರಿಗೆ ಬೆನ್ನು ಹಾಕಿ ಚಕ್ಕಳಮಕ್ಕಳ ಹಾಕಿ ಕೂತ. ಅಂಗಿಯ ಹರಿದ ಬೆನ್ನಿನ ಮೇಲೆ 'ಗಿಡುಗ'ದ ಅರ್ಧ ಮಾತ್ರ ಉಳಿದಿತ್ತು. ಈಗ ದಡದಲ್ಲಿ ಇನ್ನೊಬ್ಬ ಮನುಷ್ಯ, ಅವನ ಸುತ್ತಲೂ ಇನ್ನೊಂದು ಮೂವತ್ತು ಮೀಟರು.

ತಲೆಯ ಹಿಂದೆ, ನೀರಿನ ನಡುವೆ, ಡ್ರೋನು ಒಂದೇ ಕಡೆ ನಿಂತು ಗುಂಯ್ಗುಟ್ಟುತ್ತಿತ್ತು. ಧಣಿ ಕಡ್ಡಿಗಳನ್ನು ಒತ್ತಿ ಒತ್ತಿ ಏನನ್ನೋ ಕೆಡಿಸಿದ್ದ. ಪೊದೆ ದಾಟಿ ದಡಕ್ಕೆ ಬಂದವನ ಕೈಯಲ್ಲಿ ರಿಮೋಟು ಎಚ್ಚರಿಕೆಯ ಸದ್ದು ಮಾಡತೊಡಗಿತು. ಬ್ಯಾಟರಿ ಮುಗಿಯುತ್ತಿತ್ತು.

"ಲೇ, ಇದನ್ನ ವಾಪಸ್ ಕರ್ಸೋದು ಹೆಂಗ್ಲಾ?"

ರಿಮೋಟಿನಲ್ಲಿ ಒಂದು ದುಂಡಗಿನ ಗುಂಡಿಯಿತ್ತು. ಒಂದು ಸಲ ಒತ್ತಿ ಹಿಡಿದರೆ ಸಾಕು, ಡ್ರೋನು ತಾನೇ ದಿಬ್ಬಕ್ಕೆ ಬಂದು ಇಳಿಯುತ್ತಿತ್ತು. ಪೆಟ್ಟಿಗೆಯಲ್ಲಿ ಇನ್ನೊಂದು ಬ್ಯಾಟರಿಯಿತ್ತು. ಅದನ್ನು ಹಾಕಿ ಧಣಿ ಮತ್ತೆ ಎಬ್ಬಿಸುತ್ತಿದ್ದ.

"ಬೊಗಳೋ! ನಿನ್ನದೇ ಅಲ್ವೇನ್ಲಾ ಅದು? ಬಿದ್ದು ಹೋಗ್ತದೆ ಕಣೋ!"

ನೊರೀನ್ ಗಂಡನ ಮುಖ ನೋಡಿದಳು. ಅವಳಿಗೂ ಆ ಗುಂಡಿ ಗೊತ್ತಿತ್ತು. ಬ್ಯಾಸಿಲ್ ತಲೆಯಾಡಿಸಿದ, ಬೇಡವೆಂದು. ಅವಳು ಕೈಕಟ್ಟಿ ನಿಂತಳು. ಡ್ರೋನಿನ ಗುಂಯ್ ಸದ್ದು ತೆಳ್ಳಗಾಗುತ್ತ ಬಂತು.

ಅವನು ತಿರುಗಿ ನೋಡುವಂತಿರಲಿಲ್ಲ. ಎದುರಿಗಿದ್ದದ್ದು ಧಣಿಯ ಮುಖ ಮಾತ್ರ, ಗಲ್ಲದಲ್ಲಿ ಸಾಸು ಒಣಗಿದ್ದು. ತನ್ನ ವ್ಯಾಪಾರ ಮುಳುಗುವುದನ್ನು ಬ್ಯಾಸಿಲ್ ಆ ಮುಖದಲ್ಲೇ ನೋಡಿದ. ಮೊದಲು ಬಾಯಿ ತೆರೆಯಿತು. ಆಮೇಲೆ ಕಣ್ಣುಗಳು ಕೆಳಗಿಳಿದವು, ಇನ್ನೂ ಕೆಳಗಿಳಿದವು, ನೀರಿನ ಮಟ್ಟಕ್ಕೆ ಬಂದು ನಿಂತವು. ಬೆನ್ನಿಗೆ ನಾಲ್ಕು ಹನಿ ತಣ್ಣಗೆ ಸಿಡಿಯಿತು.

"ಎದ್ದೇಳೋ ಅಲ್ಲಿಂದ," ಎಂದ ಧಣಿ. ದನಿ ಅರ್ಧಕ್ಕೆ ಇಳಿದಿತ್ತು.

ಬ್ಯಾಸಿಲ್ ಏಳದೆ, ಕೂತಲ್ಲಿಂದಲೇ ಅಂಡು ಎಳೆದುಕೊಂಡು ಒಂದು ಗೇಣು ಹಿಂದಕ್ಕೆ ಸರಿದ. ಹಿಂದೆ ನೀರಿನಲ್ಲಿ ಅತ್ತೆಯ ಕುರ್ಚಿಯೂ ಗೊಳಕ್ಕೆಂದು ಅಷ್ಟೇ ಹಿಂದಕ್ಕೆ ಸರಿಯಿತು.