ಆರಿಸುವ ಭಾನುವಾರ

ಅಂಗಡಿ ಮುಳುಗಿ ಸಾಲ ಮಾತ್ರ ಉಳಿದ ಮೇಲೆ ಗಂಡ ಹೆಂಡತಿ ಕೂತು ಒಂದು ನಿಯಮ ಮಾಡಿಕೊಂಡರು. ತಿಂಗಳಿಗೊಂದು ಭಾನುವಾರ ಅವಳ ಸಾಮಾನಿನಲ್ಲಿ ಒಂದನ್ನು ಮಾರಲು ಅವನು ಆರಿಸಬೇಕು, ಅವನದರಲ್ಲಿ ಒಂದನ್ನು ಅವಳು. ನಮ್ಮ ಸಾಮಾನನ್ನು ನಾವೇ ಆರಿಸಲು ಹೋದರೆ ಎಲ್ಲವೂ ಬೇಕೇ ಬೇಕು ಅನ್ನಿಸುತ್ತದೆ ಎನ್ನುವುದು ಅವನ ವಾದ. ಕಳೆದುಕೊಳ್ಳುವವರ ಅಹವಾಲು ಕೇಳುವಂತಿಲ್ಲ ಎಂದು ಬಾಲ ಸೇರಿಸಿದ್ದು ಅವಳು.

ಮೊದಮೊದಲು ಅದೊಂದು ತಮಾಷೆಯಾಗಿತ್ತು. ಅವನು ಅವಳ ದಪ್ಪ ಗಾಜಿನ ಹೂದಾನಿಗೆ ಕೈ ಹಾಕಿದ. ಅವಳು ಮಂಚದಡಿಯಿಂದ ಅವನ ಡಂಬೆಲ್ಸ್ ಎಳೆದಳು.

"ಅಯ್ಯೋ, ಅದು ನನ್ನ ಮೈಕಟ್ಟಿಗೆ ಕಣೇ!"

"ದಿನಾ ಎತ್ತಿ ಕೆಳಗೆ ಒರೆಸೋಳು ನಾನು. ಮೈಕಟ್ಟು ಬಂದಿದ್ರೆ ನನಗೇ ಬಂದಿರ್ಬೇಕು ರೀ."

ಮುಂದಿನ ಕೋಣೆಯಲ್ಲಿರುತ್ತಿದ್ದ ಅತ್ತೆಯ ನಗುವೂ ಕೇಳಿಸಿತು.

ಆಮೇಲೆ ಯಾವಾಗಲೋ ಆರಿಸುವ ಕಣ್ಣು ಬದಲಾಯಿತು. ಅಂಗಡಿ ತೆರೆಯುವ ಆಸೆ ನಿನ್ನದು ಎಂದು ಅವನು, ಸಾಲದ ಕಾಗದಕ್ಕೆ ರುಜು ಹಾಕಿದ್ದು ನೀವು ಎಂದು ಅವಳು, ಬಾಯಿಬಿಟ್ಟು ಹೇಳದೆ ಸಾಮಾನಿನ ಮೂಲಕವೇ ಹೇಳಿಕೊಳ್ಳತೊಡಗಿದರು. ದಿನವಿಡೀ ಲಿಫ್ಟ್ ರಿಪೇರಿ ಮಾಡಿ ಬಂದವನು ಕೈಯ ಗ್ರೀಸು ತೊಳೆದು ಅರ್ಧ ಗಂಟೆ ಕೊಳಲು ನುಡಿಸುತ್ತಿದ್ದ. ಒಂದು ಭಾನುವಾರ ಅವಳು ಆ ಕೊಳಲನ್ನು ತೋರಿಸಿದಳು.

"ಅದಕ್ಕೆ ಯಾರು ಎಷ್ಟು ಕೊಡ್ತಾರೆ?" ಅವನ ಮುಖ ಸಣ್ಣಗಾಯಿತು.

"ಅಹವಾಲು ಕೇಳಲ್ಲ."

ಬಂದ ದುಡ್ಡು ವಾರದ ತರಕಾರಿಗೂ ಸಾಲಲಿಲ್ಲ. ಸಾಲುವುದಿಲ್ಲವೆಂದು ಇಬ್ಬರಿಗೂ ಮೊದಲೇ ಗೊತ್ತಿತ್ತು.

ಮುಂದಿನ ತಿಂಗಳು ಅವನು ಅವಳ ಹೊಲಿಗೆ ಮಿಷನ್ನಿನ ಮುಂದೆ ನಿಂತ. ಅವಳು ಓಡಿ ಬಂದು ಮಿಷನ್ನಿನ ಮೇಲೆ ಕೈಯಿಟ್ಟಳು. ಹಗಲೆಲ್ಲ ಬಟ್ಟೆ ಅಂಗಡಿಯೊಂದರ ಮೂಲೆಯಲ್ಲಿ ಕೂತು ಯಾರ್ಯಾರದೋ ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿಯುತ್ತಿದ್ದಳು. ಸಾಲ ತೀರಿದ ಮರುದಿನವೇ ಆ ಕೆಲಸಕ್ಕೆ ಕೈಮುಗಿದು, ಮನೆಯಲ್ಲಿ ತನ್ನದೇ ಗಿರಾಕಿಗಳಿಗೆ ಹೊಲಿಯಬೇಕು ಎಂಬ ಒಂದೇ ಆಸೆ ಅವಳನ್ನು ಇಷ್ಟು ದಿನ ಎಳೆದು ತಂದಿತ್ತು.

"ರೀ, ಅದು ನಾಳೆ ಅನ್ನ ಕೊಡೋ ಸಾಮಾನು."

"ಅಹವಾಲು ಕೇಳಲ್ಲ," ಎಂದ ಅವನು. ಅವಳ ದನಿಯನ್ನೇ ಅಣಕಿಸಿದ ಹಾಗಿತ್ತು.

ಬೀದಿ ಕೊನೆಯಲ್ಲಿ ಕಿಟಕಿ ಪರದೆ ಹೊಲಿಯುವ ಅಂಗಡಿಯವನು ದುಡ್ಡು ಕೊಟ್ಟು ಮಿಷನ್ ಹೊತ್ತುಕೊಂಡು ಹೋದ. ಅವಳ ಮುಖ ನೋಡಿ ಪಾಪ ಅನ್ನಿಸಿರಬೇಕು. "ತಿಂಗಳ ಕೊನೆವರೆಗೂ ಯಾರಿಗೂ ಕೊಡಲ್ಲ ಅಕ್ಕಾ. ದುಡ್ಡು ತಂದ್ರೆ ತಗೊಂಡು ಹೋಗಿ," ಎಂದ.

ಅದೇ ಭಾನುವಾರ, ಈಗ ಆರಿಸುವ ಸರದಿ ಅವಳದು. ಮನೆಯೆಲ್ಲ ಸುತ್ತಿದಳು. ಅವನದೆಂದು ಉಳಿದದ್ದು ಎರಡು ಅಂಗಿ, ಸ್ಪ್ಯಾನರುಗಳ ಚೀಲ, ಅಷ್ಟೇ. ಸ್ಪ್ಯಾನರು ಹೋದರೆ ಸಂಬಳವೂ ಹೋಗುತ್ತದೆ. ಆಗ ಅವಳ ತಲೆಗೆ ಒಂದು ಯೋಚನೆ ಬಂತು. ಅವನು ಹೌಹಾರಿ ಕೂಗಾಡಬೇಕು, ನಿಯಮವನ್ನು ತಾನೇ ಮುರಿಯಬೇಕು. ಅವನು ಮುರಿದ ಕ್ಷಣವೇ, ಹಾಗಾದರೆ ನನ್ನ ಮಿಷನ್ನೂ ವಾಪಸ್ ಬರಲಿ ಎನ್ನಬಹುದು.

"ಮುಂದಿನ ಕೋಣೆ," ಎಂದಳು. "ಅದೂ ನಿಮ್ಮದೇ ತಾನೇ. ಬೀದಿ ಕಡೆ ಬಾಗಿಲಿದೆ, ಬಾಡಿಗೆಗೆ ಕೊಡೋಣ. ಮುಂಗಡದಲ್ಲೇ ಪೂರ್ತಿ ಸಾಲ ತೀರುತ್ತೆ. ಅತ್ತೆ ನಿಮ್ಮ ತಂಗಿ ಮನೆಗೆ ಹೋಗ್ಲಿ."

ಕೂಗಾಟಕ್ಕೆ ಕಾದಳು. ಆ ತಂಗಿಯ ಮನೆಯಲ್ಲಿ ಅತ್ತೆಗೆ ಒಂದು ಲೋಟ ನೀರು ಕೇಳುವುದಕ್ಕೂ ಹೆದರಿಕೆ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು.

ಅವನು ಅವಳನ್ನೇ ನೋಡಿದ. ಆ ನೋಟ ಎಷ್ಟು ಹೊತ್ತು ಇತ್ತೋ, ಅಷ್ಟು ಹೊತ್ತೂ 'ತಮಾಷೆಗೆ ಅಂದೆ' ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಆಯ್ತು," ಎಂದು ಎದ್ದು ಹೋದ. ಮುಂದಿನ ಕೋಣೆಯಿಂದ ಅವನ ದನಿ ಕೇಳಿಸಿತು. "ಅಮ್ಮಾ, ನಿನ್ನ ಪೆಟ್ಟಿಗೆ ಎಲ್ಲಿದೆ?"

ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಗಾಡಿ ಹತ್ತುವಾಗ ಸೊಸೆಯ ಕೆನ್ನೆ ಮುಟ್ಟಿ, "ಸಾಲ ತೀರುತ್ತಲ್ಲ, ಒಳ್ಳೇದಾಯ್ತು," ಎಂದರು.

ಆ ಕೋಣೆಗೆ ಔಷಧಿ ಕಂಪನಿಯ ಇಬ್ಬರು ಹುಡುಗಿಯರು ಬಂದರು. ಅವರು ಕೊಟ್ಟ ಮುಂಗಡದಲ್ಲಿ ಸಾಲ ಬಡ್ಡಿ ಸಮೇತ ಮುಗಿಯಿತು. ಮಿಷನ್ ಮಾರಿದ ದುಡ್ಡು ಡಬ್ಬಿಯಲ್ಲಿ ಹಾಗೇ ಉಳಿದಿತ್ತು. ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಅವಳು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಪರದೆ ಅಂಗಡಿಗೆ ಓಡಿದಳು. ತಿಂಗಳು ಮುಗಿಯಲು ಇನ್ನೂ ದಿನಗಳಿದ್ದವು.

ಅಂಗಡಿಯವನು ಕೈಲಿದ್ದ ಅಳತೆ ಟೇಪು ಸುತ್ತುತ್ತಾ ನಿಂತ. "ನಿಮ್ಮ ಯಜಮಾನ್ರೇ ಬಂದು ಹೇಳಿದ್ರಲ್ಲ ಅಕ್ಕಾ, ಕಾಯೋದು ಬೇಡ ಅಂತ. ಮೊನ್ನೆ ಕೊಟ್ಟುಬಿಟ್ಟೆ."

"ಯಾವತ್ತು ಬಂದು ಹೇಳಿದ್ರು?"

"ಅವರ ತಾಯೀನ ಊರಿಗೆ ಬಿಟ್ಟು ಬಂದ ದಿನ. ಪೆಟ್ಟಿಗೆ ಕಟ್ಟಿದ್ದ ಹಗ್ಗ ಇನ್ನೂ ಕೈಯಲ್ಲೇ ಇತ್ತು."

ಅವಳು ಮನೆಗೆ ಬಂದಾಗ ಅವನು ಊಟಕ್ಕೆ ಕೂತಿದ್ದ. ಅವಳ ಸೆರಗಿನ ಗಂಟನ್ನು ನೋಡಿ ಮತ್ತೆ ಅನ್ನ ಕಲಸತೊಡಗಿದ. ಗೋಡೆಯಾಚೆ ಹುಡುಗಿಯರು ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಎತ್ತಿ, "ಹೇಳಮ್ಮಾ," ಎಂದ. ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಎಡಗೈಯಲ್ಲೇ ಫೋನನ್ನು ಅವಳತ್ತ ಚಾಚಿದ.

"ಯಾವಾಗ ಕರ್ಕೊಂಡು ಹೋಗ್ತೀರಿ ಅಂತ ಅಮ್ಮ ಕೇಳ್ತಿದಾಳೆ. ಆರಿಸಿದ್ದು ನೀನು. ನೀನೇ ಹೇಳು."

ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಕೈ ಹಿಂತೆಗೆಯಲಿಲ್ಲ. ಕೊನೆಗೆ ಅವಳೇ ಇಸಕೊಂಡಳು.

"ಅತ್ತೆ... ಕೋಣೇನ ಹನ್ನೊಂದು ತಿಂಗಳಿಗೆ ಅಂತ ಬರೆದುಕೊಟ್ಟಿದೀವಿ."

ಆ ಕಡೆ ಯಾರೋ ಪಾತ್ರೆ ಕುಕ್ಕಿದ ಸದ್ದಾಯಿತು. ಅತ್ತೆ ದನಿ ಇಳಿಸಿದರು.

"ಹಾಗಾ. ಹೋಗ್ಲಿ ಬಿಡು. ಇಲ್ಲೇ ಹೇಗೋ ಇರ್ತೀನಿ. ನಿನ್ನ ಮಿಷನ್ ವಾಪಸ್ ಬಂತೇನಮ್ಮಾ? ಅದಕ್ಕೇ ತಾನೇ ನೀನು ಹಂಗಂದಿದ್ದು?"